ವ್ಯಾಧಿಯೊಡನೆ ಬಾಳಿದವರು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಮುನಿಗಳು ಸಹಿಸಿ ಜಯಿಸಬೇಕಾದ ಪರೀಷಹಗಳು ಇಪ್ಪತ್ತೆರಡೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಎಣಿಸಿದ್ದಾರೆ. ಆ ಎಣಿಕೆಯಲ್ಲಿ ಮೊದಲನೆಯದು ಕ್ಷುಧೆ, ಎರಡನೆಯದು ಪಿಪಾಸೆ, ಹದಿನಾರನೆಯದು ರೋಗ. ಈ ಮೂರೂ ಒಂದೇ ಶರೀರದಲ್ಲಿ ಒಟ್ಟುಗೂಡಿ ಬರುವ ವ್ಯಾಧಿಯೊಂದಿದೆ. ತಿಂದಷ್ಟೂ ಹಸಿವು, ಕುಡಿದಷ್ಟೂ ಬಾಯಾರಿಕೆ, ದಿನದಿಂದ ದಿನಕ್ಕೆ ಇಳಿದುಹೋಗುವ ಮೈ. ನಮ್ಮ ಪ್ರಾಚೀನ ವೈದ್ಯರು ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಇದನ್ನು ಮಧುಮೇಹವೆಂದು ಗುರುತಿಸಿದರು. ಜನಸಾಮಾನ್ಯರು ಸಕ್ಕರೆ ಕಾಯಿಲೆ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಈ ವ್ಯಾಧಿಯಿದೆ. ಅಷ್ಟು ದೂರದ ಲೆಕ್ಕವೇಕೆ? ಈ ಮಹೋತ್ಸವದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು, ಹೋಳಿಗೆ ಬಂದಾಗ ಕೈ ಅಡ್ಡ ಹಿಡಿದವರೆಷ್ಟು ಮಂದಿಯೆಂದು ಬಡಿಸಿದ ಯುವಕರನ್ನು ಕೇಳಿದರೆ ಸಾಕು. ಕೈ ಅಡ್ಡ ಹಿಡಿಯಲು ಸಂಕೋಚಪಟ್ಟು ಹೋಳಿಗೆಯನ್ನು ತಿಂದುಬಿಟ್ಟವರ ಲೆಕ್ಕ ಮಾತ್ರ ಯಾರಿಗೂ ಸಿಕ್ಕುವುದಿಲ್ಲ.

ಜ್ವರ ಬಂದು ಬಿಡುತ್ತದೆ, ಗಾಯ ಮಾಯುತ್ತದೆ. ಆದರೆ ಬಂದದ್ದು ಹೋಗದ ವ್ಯಾಧಿಯ ಮಾತು ಬೇರೆ. ಇನ್ನು ಮುಂದೆ ಇದು ನಿಮ್ಮೊಡನೆಯೇ ಇರುತ್ತದೆ ಎಂದು ವೈದ್ಯರು ಹೇಳಿದ ದಿನ ಮನುಷ್ಯನ ಎದೆಯಲ್ಲಿ ಏನೋ ಕುಸಿಯುತ್ತದೆ. ಆ ನಂತರ ಅವನು ಎರಡು ರೋಗಗಳನ್ನು ಹೊರುತ್ತಾನೆ. ಒಂದು ಶರೀರದ್ದು. ಇನ್ನೊಂದು, ಆ ಶರೀರದ ನೋವನ್ನೇ ಹಗಲಿರುಳು ಮೆಲುಕು ಹಾಕುವ ಚಿಂತೆಯದು. ಶಾಸ್ತ್ರಕಾರರು ಇದನ್ನು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಹೇಳಿದ್ದಾರೆ. ಮೊದಲನೆಯ ರೋಗ ಅಸಾತಾವೇದನೀಯದ ಉದಯದಿಂದ ಬಂದದ್ದು, ಅದರ ಮೇಲೆ ನಮ್ಮ ಅಧಿಕಾರ ಅಲ್ಪ. ಎರಡನೆಯದು ಹಾಗಲ್ಲ.

ಆಚಾರ್ಯ ಸಮಂತಭದ್ರರ ವೃತ್ತಾಂತ ತಮಗೆಲ್ಲ ತಿಳಿದದ್ದೇ. ಎಷ್ಟು ಉಂಡರೂ ಉಂಡದ್ದೆಲ್ಲ ಬೂದಿಯಾಗುವಂತಹ ಭಸ್ಮಕವ್ಯಾಧಿ ಅವರನ್ನು ಹಿಡಿಯಿತು. ದಿನಕ್ಕೊಮ್ಮೆ ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಇದಕ್ಕಿಂತ ಕಠಿಣವಾದ ವ್ಯಾಧಿ ಇನ್ನಾವುದಿದ್ದೀತು? ಸಲ್ಲೇಖನ ವ್ರತವನ್ನು ಬೇಡಿ ಅವರು ಗುರುಗಳ ಸನ್ನಿಧಿಗೆ ಹೋದರು. ಗುರುಗಳು ಒಪ್ಪಲಿಲ್ಲ. ಆಯುಷ್ಯವಿನ್ನೂ ಇದೆ, ಧರ್ಮಕಾರ್ಯ ಉಳಿದಿದೆ, ವ್ಯಾಧಿ ಶಮನವಾಗುವ ಮಾರ್ಗವನ್ನು ಹುಡುಕತಕ್ಕದ್ದು ಎಂದು ಹೇಳಿ ಕಳುಹಿಸಿದರೆಂದು ಪರಂಪರೆಯ ಕಥೆಗಳು ಸಾರುತ್ತವೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವೇ ಇಲ್ಲದಂತೆ ಬಂದೊದಗಿದಾಗ ಸಲ್ಲೇಖನ ಯೋಗ್ಯವೆಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದವರೂ ಇದೇ ಸಮಂತಭದ್ರರೆಂಬುದು ಗಮನಾರ್ಹ. ಪ್ರತೀಕಾರವಿಲ್ಲ ಎಂಬ ಮಾತಿನ ಬೆಲೆ ಅವರಿಗೆ ಸ್ವಂತ ಶರೀರದಿಂದಲೇ ತಿಳಿದಿತ್ತು.

ಇಂದು ಪ್ರತೀಕಾರವಿಲ್ಲವೆಂದು ತೋರುವ ರೋಗಕ್ಕೆ ನಾಳೆ ಪ್ರತೀಕಾರ ದೊರೆಯಲೂಬಹುದು. ಆದರೆ ನಾಳೆಯ ತನಕ ಬದುಕಿರಬೇಕು, ಬದುಕುವ ಮನಸ್ಸೂ ಇರಬೇಕು. ಇದಕ್ಕೆ ತಕ್ಕ ದೃಷ್ಟಾಂತವೊಂದು ದೂರದ ಅಮೆರಿಕದ್ದು, ನೂರು ವರ್ಷಗಳಷ್ಟು ಹಿಂದಿನದು. ಪರದೇಶದ, ಪರಮತದ ಒಬ್ಬ ಬಾಲಿಕೆಯ ವೃತ್ತಾಂತ. ಕ್ಷುಧಾಪರೀಷಹವನ್ನು ಅವಳು ಎದುರಿಸಿದ ರೀತಿಯನ್ನು ಈ ಸಭೆಯಲ್ಲಿ ಸ್ಮರಿಸಿದರೆ ದೋಷವೇನೂ ಇಲ್ಲ.

ಅವಳ ಹೆಸರು ಎಲಿಜಬೆತ್ ಹ್ಯೂಸ್. ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಆ ದೇಶದ ಗಣ್ಯರಲ್ಲಿ ಗಣ್ಯರು. ನ್ಯೂಯಾರ್ಕ್ ರಾಜ್ಯದ ಗವರ್ನರಾಗಿದ್ದವರು, 1916ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತವರು, 1921ರಿಂದ ವಿದೇಶಾಂಗ ಕಾರ್ಯದರ್ಶಿ, 1930ರಿಂದ ಶ್ರೇಷ್ಠ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು. ಮಗಳು ಹುಟ್ಟಿದ್ದು 1907ರಲ್ಲಿ. ಅವಳಿಗೆ ಹನ್ನೊಂದು ತುಂಬಿದ್ದಾಗ, 1919ರಲ್ಲಿ, ಮಧುಮೇಹ ಕಾಣಿಸಿಕೊಂಡಿತು. ಸಂಪತ್ತು, ಅಧಿಕಾರ, ಕೀರ್ತಿ ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಮಕ್ಕಳಿಗೆ ಬರುವ ಮಧುಮೇಹವೆಂದರೆ ಆ ಕಾಲದಲ್ಲಿ ಮರಣವೇ. ಕೆಲವರು ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದರು, ಕೆಲವರು ವರ್ಷವೆರಡು ವರ್ಷದಲ್ಲಿ.

ಅಂದು ಇದ್ದ ಚಿಕಿತ್ಸೆ ಒಂದೇ, ಉಪವಾಸ. ಡಾಕ್ಟರ್ ಫ್ರೆಡರಿಕ್ ಆಲನ್ ಎಂಬ ವೈದ್ಯರು ಇದರಲ್ಲಿ ಪ್ರಸಿದ್ಧರು. ರಕ್ತದಲ್ಲಿ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಶರೀರಕ್ಕಿಲ್ಲದ ಮೇಲೆ ಶರೀರಕ್ಕೆ ಅಷ್ಟೊಂದು ಆಹಾರವನ್ನೇ ಕೊಡಬಾರದೆಂಬುದು ಅವರ ಸಿದ್ಧಾಂತ. ಬೆಳೆಯುವ ಹುಡುಗಿಗೆ ದಿನಕ್ಕೆ ಎರಡು ಸಾವಿರ ಕ್ಯಾಲೊರಿಯ ಸುಮಾರಿನ ಆಹಾರ ಬೇಕಾದಲ್ಲಿ, ಎಲಿಜಬೆತ್‌ಗೆ ಮೊದಲ ವಾರಗಳಲ್ಲಿ ದೊರೆತದ್ದು ನಾನೂರರಿಂದ ಆರುನೂರು. ಆಮೇಲೆ ಎಂಟುನೂರನ್ನು ಸ್ವಲ್ಪ ದಾಟಿತು. ವಾರದಲ್ಲಿ ಒಂದು ದಿನ ಬಹುಮಟ್ಟಿಗೆ ಪೂರ್ಣ ಉಪವಾಸ. ಬಾಯಿಗೆ ಹೋಗುವ ಪ್ರತಿಯೊಂದು ತುತ್ತೂ ಗ್ರಾಂ ಲೆಕ್ಕದಲ್ಲಿ ತಕ್ಕಡಿಯಲ್ಲಿ ತೂಗಿದ್ದು. ಈ ಪಥ್ಯದಲ್ಲಿ ತರಕಾರಿಯನ್ನು ಮೂರು ಸಲ ಬೇಯಿಸಿ ಮೂರು ಸಲವೂ ನೀರನ್ನು ಬಸಿದುಬಿಡುವ ಪದ್ಧತಿಯಿತ್ತು, ಅದರಲ್ಲಿರುವ ಪಿಷ್ಟವೂ ಸಕ್ಕರೆಯೂ ಹೊರಟುಹೋಗಲೆಂದು. ಉಳಿಯುವುದು ರುಚಿಯಿಲ್ಲದ ಸಿಪ್ಪೆಯಷ್ಟೇ. ಬಂಗಾರವನ್ನು ತೂಗುವ ತಕ್ಕಡಿಯನ್ನು ವರ್ತಕರು ಬಲ್ಲರು. ಮಗುವಿನ ಅನ್ನವನ್ನು ಹಾಗೆ ತೂಗಿದ ಮನೆಯ ದುಃಖವನ್ನು ಊಹಿಸುವುದು ಕಷ್ಟ.

ಆಲನ್ ಅವರ ಈ ವಿಧಾನವನ್ನು ಕ್ರೌರ್ಯವೆಂದವರುಂಟು. ಅವರ ರೋಗಿಗಳಲ್ಲಿ ಕೆಲವರು ಸಕ್ಕರೆಯಿಂದ ಸಾಯುವ ಬದಲು ಹಸಿವಿನಿಂದ ಸತ್ತರೆಂಬುದೂ ನಿಜ. ಅವರು ಯಾರಿಗೂ ಗುಣಪಡಿಸುವ ಮಾತು ಕೊಡಲಿಲ್ಲ. ಕಾಲವನ್ನು ಮಾತ್ರ ಸಂಪಾದಿಸಿಕೊಟ್ಟರು. ಸಾಲ ತೀರಿಸಲಾಗದವನಿಗೆ ವಾಯಿದೆ ಮುಂದೂಡಿಕೊಟ್ಟಂತೆ. ವಾಯಿದೆಯ ಒಳಗೆ ಹಣ ಬಂದೀತೆಂಬ ಭರವಸೆ ಕೊಟ್ಟವನಿಗೂ ಇರಲಿಲ್ಲ, ತೆಗೆದುಕೊಂಡವನಿಗೂ ಇರಲಿಲ್ಲ.

ಈ ಮೂರು ವರ್ಷಗಳಲ್ಲಿ ಎಲಿಜಬೆತ್ ಹೇಗಿದ್ದಳೆಂಬುದೇ ಇಲ್ಲಿ ಮುಖ್ಯ. ಬ್ಲಾಂಚ್ ಬರ್ಜೆಸ್ ಎಂಬ ದಾದಿ ಸದಾ ಅವಳೊಡನಿದ್ದಳು. 1920ರಲ್ಲಿ ಅಕ್ಕ ಹೆಲೆನ್ ತೀರಿಕೊಂಡು ಮನೆಯೇ ಕತ್ತಲಾಗಿತ್ತು. ಚಳಿಗಾಲವನ್ನು ತಡೆಯಲಾರಳೆಂದು 1921ರ ಕೊನೆಯಲ್ಲಿ ಅವಳನ್ನು ಬರ್ಮುಡಾ ದ್ವೀಪಕ್ಕೆ ಕಳುಹಿಸಿದರು. ಅಲ್ಲಿಂದ ತಾಯಿಗೆ ಅವಳು ಬರೆದ ಕಾಗದಗಳಲ್ಲಿ ಗೋಳಿಲ್ಲ. ಹಕ್ಕಿಗಳ ಮಾತಿದೆ, ಓದಿದ ಪುಸ್ತಕಗಳ ಮಾತಿದೆ, ದೊಡ್ಡವಳಾದ ಮೇಲೆ ಏನೇನು ಮಾಡಬೇಕೆಂಬ ಯೋಜನೆಗಳಿವೆ. ದೊಡ್ಡವಳಾಗುವುದೇ ಇಲ್ಲವೆಂದು ಸುತ್ತಲಿನವರೆಲ್ಲ ಬಲ್ಲ ಕಾಲದಲ್ಲಿ! ಹುಟ್ಟುಹಬ್ಬಕ್ಕೆ ಅವರಲ್ಲಿ ಸಿಹಿ ಕೇಕನ್ನು ಕತ್ತರಿಸುವ ಸಂಪ್ರದಾಯ. ಇವಳಿಗೆ ಕೇಕು ವಿಷ. ಟೋಪಿಯ ಪೆಟ್ಟಿಗೆಯೊಂದಕ್ಕೆ ಗುಲಾಬಿ ಮತ್ತು ಬಿಳಿಯ ಕಾಗದವನ್ನು ಸುತ್ತಿ, ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿ, ಅದನ್ನೇ ಕೇಕೆಂದು ಭಾವಿಸಿ ಹುಟ್ಟುಹಬ್ಬವನ್ನು ಆಚರಿಸಿದರು. ಎಲ್ಲರೂ ವನಭೋಜನಕ್ಕೆ ಹೋದಾಗ ತನ್ನ ಪಾಲಿನ ತೂಗಿದ ಆಹಾರವನ್ನು ಬೇಯಿಸಿಕೊಳ್ಳಲು ಅವಳಿಗೆಂದೇ ಒಂದು ಪುಟ್ಟ ಬಾಣಲೆಯಿತ್ತು. ಇತರರು ಬಯಸಿದ್ದನ್ನು ತಿನ್ನುತ್ತಿದ್ದರು, ಅವಳು ಅವರೊಡನೆ ಕುಳಿತು ತನ್ನದನ್ನು ತಿನ್ನುತ್ತಿದ್ದಳು.

ಇದನ್ನು ಕೇಳಿ ಅಯ್ಯೋ ಎನ್ನುವವರುಂಟು. ಆದರೆ ಅವಳನ್ನು ಪಂಕ್ತಿಯಿಂದ ಹೊರಗಿಡಲಿಲ್ಲವೆಂಬುದನ್ನು ನೋಡಬೇಕು. ನಮ್ಮ ಮನೆಗಳಲ್ಲಿ ದೀರ್ಘವ್ಯಾಧಿಯ ಹಿರಿಯರಿಗೆ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ಒಂದೋ, ಒಂದು ದಿನಕ್ಕೆ ಏನಾಗುತ್ತದೆ ಎಂದು ಬಲವಂತ ಮಾಡಿ ಪಾಯಸ ಬಡಿಸುತ್ತಾರೆ. ಇಲ್ಲವೇ, ನೋಡಿದರೆ ಆಸೆಯಾದೀತೆಂದು ಒಳಕೋಣೆಯಲ್ಲಿ ಬೇರೆ ಕೂರಿಸಿ ಬಡಿಸುತ್ತಾರೆ. ಬಾಣಲೆಯೊಂದನ್ನು ಕೈಗೆ ಕೊಟ್ಟು ಜೊತೆಯಲ್ಲೇ ಕೂರಿಸಿಕೊಳ್ಳುವ ವಿವೇಕ ಅಪರೂಪ.

ಇಷ್ಟಾದರೂ ಶರೀರ ಸೋಲುತ್ತಲೇ ಹೋಯಿತು. ರೋಗ ಕಾಣಿಸಿದಾಗ ಸುಮಾರು 34 ಕಿಲೋ ಇದ್ದವಳು 1922ರ ಆಗಸ್ಟಿನಲ್ಲಿ 20 ಕಿಲೋಕ್ಕೆ ಬಂದಳು. ಐದು ಅಡಿಗೆ ಸಮೀಪದ ಎತ್ತರದ, ಹದಿನೈದು ತುಂಬಲಿದ್ದ ಹುಡುಗಿ ಹತ್ತು ಕಿಲೋದ ಎರಡು ಅಕ್ಕಿಚೀಲಗಳಷ್ಟು ತೂಗುತ್ತಿದ್ದಳು. ಚರ್ಮ ಒಣಗಿತ್ತು, ಕೂದಲು ಉದುರಿತ್ತು, ನಡೆಯುವುದೇ ಪ್ರಯಾಸವಾಗಿತ್ತು.

ಇತ್ತ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1921ರ ಬೇಸಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ವೈದ್ಯರೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರಾಧ್ಯಾಪಕ ಮ್ಯಾಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಶೋಧನೆಗೆ ತೊಡಗಿದ್ದರು. ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ರಸವೊಂದು ರಕ್ತದ ಸಕ್ಕರೆಯನ್ನು ಶರೀರಕ್ಕೆ ಒಗ್ಗಿಸುತ್ತದೆ; ಅದಿಲ್ಲದ್ದೇ ಈ ರೋಗಕ್ಕೆ ಮೂಲ. ಆ ರಸವನ್ನು ಪ್ರಾಣಿಗಳ ಗ್ರಂಥಿಯಿಂದ ಬೇರ್ಪಡಿಸಿದರು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಶುದ್ಧಿಗೊಳಿಸಿದರು. ಇದೇ ಇನ್ಸುಲಿನ್. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಟ್ಟರು, ಫಲಿಸಲಿಲ್ಲ. ಇನ್ನಷ್ಟು ಶುದ್ಧಿಗೊಳಿಸಿದ್ದನ್ನು 23ರಂದು ಕೊಟ್ಟಾಗ ಫಲಿಸಿತು. ಕಂಡುಹಿಡಿದವರು ತಮ್ಮ ಪೇಟೆಂಟ್ ಹಕ್ಕನ್ನು 1923ರಲ್ಲಿ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಲಾಭವೆಂದರೇನೆಂದು ಬಲ್ಲ ವ್ಯಾಪಾರಸ್ಥರು ಈ ಒಂದು ವ್ಯವಹಾರವನ್ನು ಕುರಿತು ಬಿಡುವಾದಾಗ ಯೋಚಿಸಬಹುದು. ಔಷಧದಾನದ ಮಹಿಮೆಯನ್ನು ಇದಕ್ಕಿಂತ ಚೆನ್ನಾಗಿ ತೋರುವ ಉದಾಹರಣೆ ಆಧುನಿಕ ಕಾಲದಲ್ಲಿ ವಿರಳ.

ಎಲಿಜಬೆತ್‌ಳ ತಾಯಿ ಜುಲೈಯಲ್ಲಿ ಬ್ಯಾಂಟಿಂಗ್ ಅವರಿಗೆ ಕಾಗದ ಬರೆದರು. ಔಷಧ ಸಾಲದೆಂದು ಮೊದಲು ನಿರಾಕರಣೆ ಬಂತು, ಆಗಸ್ಟಿನಲ್ಲಿ ಒಪ್ಪಿಗೆ ಬಂತು. ಆಗ ಅಂಥದೇ ಕಾಗದಗಳನ್ನು ಬರೆದ ತಾಯಂದಿರು ಹಲವರು. ಅವರೆಲ್ಲರ ಮಕ್ಕಳಿಗೂ ಔಷಧ ದೊರೆಯಲಿಲ್ಲ. ಮಂತ್ರಿಯ ಮಗಳಾದ್ದರಿಂದ ಬಾಗಿಲು ಬೇಗ ತೆರೆಯಿತೋ ಏನೋ, ಈ ಶಂಕೆಯನ್ನು ಮುಚ್ಚಿಟ್ಟು ಕಥೆಯನ್ನು ಚಂದವಾಗಿ ಹೇಳುವುದು ಸರಿಯಲ್ಲ. ಅವಳ ಧೈರ್ಯ ಅವಳದು. ಅದೃಷ್ಟ ಮಾತ್ರ ಎಲ್ಲರಿಗೂ ಸಮನಾಗಿ ಹಂಚಿದ್ದಾಗಿರಲಿಲ್ಲ.

ಚುಚ್ಚುಮದ್ದು ಪ್ರಾರಂಭವಾದ ಕೆಲವೇ ವಾರಗಳಲ್ಲಿ ಅವಳ ಆಹಾರ ಎರಡು ಸಾವಿರ ಕ್ಯಾಲೊರಿಯನ್ನು ಮೀರಿತು. ನವೆಂಬರ್ ಕೊನೆಗೆ ಅವಳು ಮನೆಗೆ ಹಿಂದಿರುಗಿದಳು. ಆದರೆ ಗುಣವಾಗಿ ಅಲ್ಲ! ಇನ್ಸುಲಿನ್ ಈ ರೋಗವನ್ನು ಗುಣಪಡಿಸುವುದಿಲ್ಲ. ಇಂದಿನ ಚುಚ್ಚುಮದ್ದು ಇಂದಿಗೆ, ನಾಳೆಯದು ನಾಳೆಗೆ. ಅಂದಿನ ಗಾಜಿನ ಪಿಚಕಾರಿಯನ್ನು ಪ್ರತಿಸಲವೂ ಕುದಿಸಬೇಕು, ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯಬೇಕು. ಮೂತ್ರವನ್ನು ನೀಲಿಯ ದ್ರಾವಣದೊಡನೆ ಕಾಯಿಸಿ, ಅದು ಹಸಿರಾಯಿತೋ ಹಳದಿಯಾಯಿತೋ ಇಟ್ಟಿಗೆಯ ಕೆಂಪಾಯಿತೋ ನೋಡಿ ಸಕ್ಕರೆಯ ಪ್ರಮಾಣವನ್ನು ಅಂದಾಜು ಮಾಡಬೇಕು. ಮದ್ದು ಹೆಚ್ಚಾದರೆ ಸಕ್ಕರೆ ಥಟ್ಟನೆ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು. ಆದ್ದರಿಂದ ಮೂರು ವರ್ಷ ಸಿಹಿಯನ್ನು ಕಣ್ಣೆತ್ತಿ ನೋಡದ ಹುಡುಗಿ ಇನ್ನು ಮೇಲೆ ಸಿಹಿಯ ತುಂಡನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗಬೇಕಾಯಿತು.

ಅವಳು ಹಾಗೆಯೇ ಓದಿದಳು, 1929ರಲ್ಲಿ ಪದವೀಧರೆಯಾದಳು. ಮರುವರ್ಷ ವಿಲಿಯಂ ಗಾಸೆಟ್ ಎಂಬ ವಕೀಲರನ್ನು ವಿವಾಹವಾದಳು. ಮೂವರು ಮಕ್ಕಳ ತಾಯಿಯಾದರು, ಸಾರ್ವಜನಿಕ ಕಾರ್ಯಗಳಲ್ಲಿ ಮುಂದಾಳಾದರು, ಅಮೆರಿಕದ ಶ್ರೇಷ್ಠ ನ್ಯಾಯಾಲಯದ ಇತಿಹಾಸವನ್ನು ಸಂರಕ್ಷಿಸುವ ಸಂಘವನ್ನು 1974ರಲ್ಲಿ ಸ್ಥಾಪಿಸಿದರು. 1981ರಲ್ಲಿ ನಿಧನರಾದಾಗ ಎಪ್ಪತ್ತಮೂರು ವರ್ಷ. ಅಷ್ಟರಲ್ಲಿ ಅವರು ಚುಚ್ಚಿಕೊಂಡ ಇನ್ಸುಲಿನ್ ಸುಮಾರು 42,000 ಸಲ. ಐವತ್ತೆಂಟು ವರ್ಷಗಳಿಗೆ ಹಂಚಿದರೆ ದಿನಕ್ಕೆ ಎರಡು. ದಿನಕ್ಕೆರಡು ಬಾರಿ ಸಾಮಾಯಿಕಕ್ಕೆ ಕುಳಿತು ಐವತ್ತೆಂಟು ವರ್ಷ ತಪ್ಪದೆ ನಡೆಸಿದ ಶ್ರಾವಕರು ಎಲ್ಲಿಯಾದರೂ ಇದ್ದರೆ ಅವರಿಗೆ ಈ ಲೆಕ್ಕದ ಭಾರ ತಿಳಿದೀತು.

ಇಲ್ಲಿ ನಮ್ಮ ಸಮಾಜಕ್ಕೇ ವಿಶೇಷವಾದ ಒಂದು ಕಷ್ಟವನ್ನು ಹೇಳದೆ ಮುಂದೆ ಹೋಗಲಾಗದು. ಆ ಇನ್ಸುಲಿನ್ ಬಹುಕಾಲ ದನ ಮತ್ತು ಹಂದಿಗಳ ಗ್ರಂಥಿಗಳಿಂದ ತೆಗೆದದ್ದಾಗಿತ್ತು. ಅಹಿಂಸೆಯನ್ನು ಉಸಿರಾಗಿಸಿಕೊಂಡ ಮನೆಗಳಲ್ಲಿ ಮಗುವಿಗೆ ಈ ರೋಗ ಬಂದಾಗ ತಂದೆತಾಯಿ ಅನುಭವಿಸಿದ ಸಂಕಟ ಹೊರಗಿನವರಿಗೆ ಅರ್ಥವಾಗುವಂಥದಲ್ಲ. ಮದ್ಯ, ಮಾಂಸ, ಮಧುಗಳ ಸ್ಪರ್ಶವಿಲ್ಲದೆ ಚಿಕಿತ್ಸೆ ಸಾಧ್ಯವೆಂದು ಕಲ್ಯಾಣಕಾರಕವನ್ನು ರಚಿಸಿ, ನೃಪತುಂಗನ ಸಭೆಯಲ್ಲಿ ವಾದಿಸಿದ ಉಗ್ರಾದಿತ್ಯಾಚಾರ್ಯರ ಪರಂಪರೆ ನಮ್ಮದು. ಮದ್ದನ್ನು ಬಿಟ್ಟವರೂ ಇದ್ದಿರಬಹುದು, ಮನಸ್ಸಿನಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತ ಮದ್ದು ಕೊಟ್ಟವರೂ ಇದ್ದಿರಬಹುದು. ಯಾರನ್ನೂ ತಪ್ಪೆನ್ನುವ ಧೈರ್ಯ ಯಾರಿಗೂ ಬೇಡ. ಆದರೆ ಕಾಲ ಈ ಗಂಟನ್ನೂ ಬಿಡಿಸಿತು. 1978ರಲ್ಲಿ ಸೂಕ್ಷ್ಮಜೀವಿಗಳ ಮೂಲಕ ಮಾನವ ಇನ್ಸುಲಿನ್ನನ್ನು ತಯಾರಿಸುವ ವಿಧಾನ ಸಿದ್ಧಿಸಿ, 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ದೊರೆಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟಿನ ಮೂಲಕ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದಿತು. ಇಂದು ಬಳಕೆಯಲ್ಲಿರುವುದು ಬಹುಮಟ್ಟಿಗೆ ಇಂಥದೇ. ಸೂಕ್ಷ್ಮಜೀವಿಯೂ ಜೀವವಲ್ಲವೇ ಎಂದು ಕೇಳುವ ಸೂಕ್ಷ್ಮಬುದ್ಧಿಯವರು ನಮ್ಮಲ್ಲಿದ್ದಾರೆ. ಅವರ ಪ್ರಶ್ನೆ ಸಾಧುವೇ. ಪಶುವಧೆಯ ಮಾತು ಉಳಿದಿಲ್ಲವೆಂಬುದಷ್ಟನ್ನು ಗೃಹಸ್ಥರು ಸಮಾಧಾನವಾಗಿ ತೆಗೆದುಕೊಳ್ಳಬಹುದು.

ಇದರೊಡನೆ ಇನ್ನೊಂದು ಮಾತು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಶಕ್ತಿತಃ ಎಂಬ ಶಬ್ದವನ್ನು ಎರಡಕ್ಕೂ ಜೋಡಿಸಿದ್ದಾರೆ, ಶಕ್ತಿಗೆ ತಕ್ಕಂತೆ ಎಂದು. ಇನ್ಸುಲಿನ್ನನ್ನೋ ಸಕ್ಕರೆ ಇಳಿಸುವ ಮಾತ್ರೆಯನ್ನೋ ತೆಗೆದುಕೊಂಡು ದಶಲಕ್ಷಣ ಪರ್ವದಲ್ಲಿ ಯಾರಿಗೂ ಹೇಳದೆ ಉಪವಾಸವಿರುವುದು ವ್ರತವಾಗದೆ ಅಪಾಯವಾಗುತ್ತದೆ. ರಾತ್ರಿಭೋಜನ ತ್ಯಾಗದ ನಿಯಮವಿದ್ದವರಿಗೆ ರಾತ್ರಿ ಸಕ್ಕರೆ ಇಳಿದರೆ ಏನು ಮಾಡಬೇಕೆಂಬುದನ್ನು ಮೊದಲೇ ಗುರುಗಳಲ್ಲಿಯೂ ವೈದ್ಯರಲ್ಲಿಯೂ ಕೇಳಿ, ಮನೆಯವರಿಗೂ ತಿಳಿಸಿಟ್ಟಿರತಕ್ಕದ್ದು. ಪ್ರಜ್ಞೆ ತಪ್ಪುವ ಹೊತ್ತಿನಲ್ಲಿ ಚರ್ಚೆ ಮಾಡಲಾಗದು.

ಮನೆಯವರಿಗೆ ತಿಳಿಸುವ ಮಾತು ಬಂದದ್ದರಿಂದ ಎಲಿಜಬೆತ್ ಅವರ ಇನ್ನೊಂದು ಮುಖವನ್ನೂ ಹೇಳಬೇಕು. ಅಷ್ಟು ಧೈರ್ಯವಂತೆಯಾದ ಆಕೆ ತನ್ನ ರೋಗವನ್ನು ಜೀವನವಿಡೀ ಬಚ್ಚಿಟ್ಟರು. ಸಮೀಪದ ಕುಟುಂಬದವರ ಹೊರತು ಬಹುತೇಕ ಯಾರಿಗೂ ತಿಳಿಯಗೊಡಲಿಲ್ಲ. ರೋಗಿಯೆಂದು ಯಾರೂ ಕನಿಕರಿಸುವುದು ಬೇಡವೆಂದಿರಬಹುದು. ಹೆಣ್ಣುಮಗುವಿನ ಮದುವೆಯ ಮಾತು ಬಂದಾಗ ನಮ್ಮಲ್ಲಿ ಏನೇನು ಮುಚ್ಚುತ್ತಾರೆಂಬುದನ್ನು ಬಲ್ಲವರಿಗೆ ಅವರ ಮನಸ್ಸು ಅರ್ಥವಾಗದೆ ಇರದು. ಆದರೆ ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ದಾರಿ ಹಿಡಿದವರಿದ್ದರು. ಡಾಕ್ಟರ್ ಆರ್. ಡಿ. ಲಾರೆನ್ಸ್ ಸ್ವತಃ ಮಧುಮೇಹಿ. ಬದುಕುವ ಆಸೆ ಬಿಟ್ಟು, ಮನೆಯವರ ಕಣ್ಣೆದುರು ಸಾಯಬಾರದೆಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ ನೆಲಸಿದ್ದರು. 1923ರಲ್ಲಿ ಇನ್ಸುಲಿನ್ ಬಂದಿದೆಯೆಂದು ಲಂಡನ್ನಿನ ಮಿತ್ರರಿಂದ ತಂತಿ ಬಂದಾಗ ಹೇಗೋ ಊರು ಸೇರಿ ಬದುಕಿಕೊಂಡರು. ಆಮೇಲೆ ಅದೇ ರೋಗದ ವೈದ್ಯರಾದರು, ರೋಗಿಗಳು ತಾವೇ ಓದಿ ನಡೆದುಕೊಳ್ಳುವಂಥ ಗ್ರಂಥವನ್ನು ಬರೆದರು. 1934ರಲ್ಲಿ, ಅದೇ ವ್ಯಾಧಿಯಿದ್ದ ಸಾಹಿತಿ ಎಚ್. ಜಿ. ವೆಲ್ಸ್ ಅವರೊಡಗೂಡಿ ಮಧುಮೇಹಿಗಳ ಸಂಘವನ್ನೇ ಕಟ್ಟಿದರು. ತನಗೆ ಈ ರೋಗವಿದೆಯೆಂದು ವೈದ್ಯನೇ ಹೇಳಿಕೊಂಡಾಗ ಎದುರಿಗೆ ಕುಳಿತ ರೋಗಿಗೆ ಆಗುವ ಸಮಾಧಾನವನ್ನು ಯಾವ ಮಾತ್ರೆಯೂ ಕೊಡಲಾರದು. ಲಾರೆನ್ಸರು ಬದುಕಿದ್ದು 1968ರವರೆಗೆ.

ಎರಡರಲ್ಲಿ ಯಾವ ದಾರಿ ಮೇಲೆಂದು ಕೇಳಿದರೆ ಲಾರೆನ್ಸರದೇ ಎನ್ನಬೇಕಾಗುತ್ತದೆ. ಬಚ್ಚಿಟ್ಟ ಧೈರ್ಯದಿಂದ ಒಬ್ಬರು ಬದುಕುತ್ತಾರೆ. ಹೇಳಿಕೊಂಡ ಧೈರ್ಯ ಪಕ್ಕದ ಮನೆಯವರಿಗೂ ದಕ್ಕುತ್ತದೆ. ಹಾಗೆಂದು ಎಲಿಜಬೆತ್ ಅವರನ್ನು ದೂಷಿಸುವುದೂ ತರವಲ್ಲ. ತಂದೆಯ ಕಾಗದಪತ್ರಗಳಲ್ಲಿ ತಮ್ಮ ರೋಗದ ಪ್ರಸ್ತಾಪವಿದ್ದುದನ್ನೆಲ್ಲ ಅವರು ಹುಡುಕಿ ತೆಗೆಸಿಬಿಟ್ಟರಂತೆ. ಇನ್ಸುಲಿನ್ನಿನ ಇತಿಹಾಸವನ್ನು ಬರೆದ ಮೈಕೆಲ್ ಬ್ಲಿಸ್, ಆಕೆ ಎಂದೋ ತೀರಿಕೊಂಡಿರಬೇಕೆಂದೇ ಭಾವಿಸಿದ್ದರು. ವಿಚಾರಿಸಿದಾಗ ವೃದ್ಧೆಯಾಗಿ ಬದುಕಿದ್ದಾರೆಂದು ತಿಳಿದು ಬೆರಗಾದರು. ಅವರ ಗ್ರಂಥ 1982ರಲ್ಲಿ ಹೊರಬರುವಷ್ಟರಲ್ಲಿ ಆಕೆ ಇರಲಿಲ್ಲ.

ಆದರೆ ಹುಡುಗಿಯಾಗಿದ್ದಾಗ ತಾಯಿಗೆ ಬರೆದ ಕಾಗದಗಳ ಕಟ್ಟು ಉಳಿಯಿತು. ಅದೀಗ ಟೊರಾಂಟೊ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿದೆ. 1922ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಬರೆದವುಗಳಲ್ಲಿ ಸೂಜಿಯ ನೋವಿನ ಮಾತಿಗಿಂತ, ಬಹುಕಾಲದ ಮೇಲೆ ಬಾಯಿಗಿಟ್ಟ ಬ್ರೆಡ್ಡಿನ ಚೂರಿನ ಮಾತೇ ಮೇಲೆದ್ದು ಕಾಣುತ್ತದೆ.